ಆಟಕ್ಕೆ ಟಿವಿ, ಕೂಟಕ್ಕೆ ಫೋನು

ಮಳೆಗಾಲದಲ್ಲಿ ಸಾಗರದ ಕಡೆ ಕರೆಂಟ್ ಹೋದರೆ ಇನ್ವರ್ಟರೇ ಗತಿ. ಈ ಸಲ ಊರಿಗೆ ಹೋದಾಗ ರಾತ್ರಿ ಹನ್ನೊಂದಕ್ಕೆ ಅದು ಕೀಂಯ್ ಎಂದು ಕೂಗಿತು. ಎದ್ದು ನೋಡಿದರೆ ಅಪ್ಪ ಟಿವಿ ಮುಂದೆ ಕಣ್ಣು ಮುಚ್ಚಿ ಕೂತಿದ್ದರು. ಯೂಟ್ಯೂಬಲ್ಲಿ ತಾಳಮದ್ದಲೆ.

"ನಿದ್ದೆ ಬಂತಾ?"

"ಇಲ್ಲ, ಕೇಳ್ತಾ ಇದ್ದೆ."

ತಾಳಮದ್ದಲೆ ಅಂದರೆ ಯಕ್ಷಗಾನದ ಮಾತಿನ ಕೂಟ. ಅದರಲ್ಲಿ ವೇಷವಿಲ್ಲ, ಕುಣಿತವಿಲ್ಲ. ಹಾಡಿನ ನಡುನಡುವೆ ಅರ್ಥಧಾರಿಗಳು (ಪಾತ್ರಗಳ ಮಾತಾಡುವವರು) ಕೂತು ವಾದ ಮಾಡುತ್ತಾರೆ, ಅಷ್ಟೇ. ಅದಕ್ಕೆ 43 ಇಂಚಿನ ಪರದೆ ಉರಿಯಬೇಕಾ?

ನಮ್ಮ ಟಿವಿಯ ಬೆನ್ನಿಗಿರುವ ಚೀಟಿಯಲ್ಲಿ 80 ವ್ಯಾಟ್ ಎಂದಿದೆ. ಫೋನಿಗೆ ಕೆಲವೇ ವ್ಯಾಟ್ ಸಾಕು. ಅಂತರರಾಷ್ಟ್ರೀಯ ಇಂಧನ ಸಂಸ್ಥೆ 2020ರಲ್ಲಿ ಹಾಕಿದ ಲೆಕ್ಕದಲ್ಲೂ ಆನ್‌ಲೈನ್ ವಿಡಿಯೊ ತಿನ್ನುವ ಕರೆಂಟಿನಲ್ಲಿ ನೂರಕ್ಕೆ ಎಪ್ಪತ್ತಕ್ಕಿಂತ ಜಾಸ್ತಿ ಪಾಲು ನೋಡುವ ಸಾಧನದ್ದೇ. ನೆಟ್‌ವರ್ಕ್, ಡೇಟಾ ಸೆಂಟರ್ ಆಮೇಲೆ.

ಫೋನಿನ ಬೆಳಕು ಪೂರ್ತಿ ಇಳಿಸಿ, ವಿಡಿಯೊ ಗುಣಮಟ್ಟವನ್ನು ತೀರಾ ಕೆಳಗಿನ 144ಪಿಗೆ ಹಾಕಿ, ಪುಟ್ಟ ಸ್ಪೀಕರಿಗೆ ಜೋಡಿಸಿ ಕೊಟ್ಟೆ. ಅಪ್ಪನಿಗೆ ಏನೂ ಕಡಿಮೆ ಅನಿಸಲಿಲ್ಲ.

ವೇಷ ಕಟ್ಟಿ ಕುಣಿಯುವ ಬಯಲಾಟದ, ಅಂದರೆ ಆಟದ, ಮಾತು ಬೇರೆ. ಮರುದಿನ ಟಿವಿಯಲ್ಲಿ ಬಡಗುತಿಟ್ಟಿನ (ಯಕ್ಷಗಾನದ ಬಡಗು ಶೈಲಿಯ) ಆಟ ಹಾಕಿದ್ದರು. ಹೇಳದೆ 1080ಪಿಯಿಂದ 720ಕ್ಕೆ ಇಳಿಸಿದೆ. ಎರಡು ಗಂಟೆ ನೋಡಿದರು, ಗೊತ್ತಾಗಲಿಲ್ಲ. 480ಕ್ಕೆ ಇಳಿಸಿದ ಕೂಡಲೇ "ಮುಖವರ್ಣಿಕೆ ಯಾಕೋ ಮಸುಕು" ಎಂದರು. ಅವರ ಮಾತು ನಿಜ. ಕಣ್ಣಿನ ಸುತ್ತಲಿನ ಆ ಸಣ್ಣ ಗೆರೆಗಳಿಗೇ ತಾನೆ ನಾವು ಆಟ ನೋಡುವುದು! ಮತ್ತೆ 720ಕ್ಕೆ ತಂದೆ. ಅದೇ ಆಟ ಫೋನಿನಲ್ಲಾದರೆ 480 ಸಾಕಾಯಿತು. 2020ರ ಮಾರ್ಚಿನಲ್ಲಿ, ಲಾಕ್‌ಡೌನ್ ಶುರುವಾದಾಗ, ನೆಟ್‌ವರ್ಕ್ ಮೇಲಿನ ಹೊರೆ ತಗ್ಗಿಸಲು ನಮ್ಮ ದೇಶದಲ್ಲಿ ವಿಡಿಯೊ ತೋರಿಸುವ ಆ್ಯಪ್‌ಗಳು ಮೊಬೈಲ್ ಡೇಟಾದಲ್ಲಿ 480ಪಿ ದಾಟುವುದಿಲ್ಲ ಎಂದು ಒಪ್ಪಿದ್ದವು. ಪೇಪರಿನಲ್ಲಿ ಓದುವ ತನಕ ನನಗೆ ಅದು ಗೊತ್ತೇ ಆಗಿರಲಿಲ್ಲ.

ಒಂದು ಮಾತು. ಗುಣಮಟ್ಟ ಇಳಿಸಿದರೆ ಡೇಟಾ ಉಳಿದಷ್ಟು ಕರೆಂಟ್ ಉಳಿಯುವುದಿಲ್ಲ. ನಾವು ನೋಡಲಿ ಬಿಡಲಿ ಟವರ್, ರೂಟರ್ ಕರೆಂಟ್ ತಿನ್ನುತ್ತಲೇ ಇರುತ್ತವೆ. ಪರದೆ ಚಿಕ್ಕದಾದರೆ, ಬೆಳಕು ತಗ್ಗಿದರೆ, ಆರಿದರೆ ಸಿಗುವ ಉಳಿತಾಯವೇ ದೊಡ್ಡದು. ಅದಕ್ಕೇ ಆ್ಯಪ್ ಮಾಡುವವರಲ್ಲಿ ನನ್ನದೊಂದು ಕೋರಿಕೆ: 'ಬರೀ ಕೇಳು' ಎನ್ನುವ ಒಂದು ಗುಂಡಿಯನ್ನು ಎಲ್ಲರಿಗೂ ಪುಕ್ಕಟೆ ಕೊಡಿ. ಒಂದು ಮುಗಿದ ಮೇಲೆ ಇನ್ನೊಂದು ತಾನಾಗಿ ಶುರುವಾಗುವುದನ್ನು ನಾವು ಕೇಳದೆ ಆನ್ ಮಾಡಬೇಡಿ. ಅಪ್ಪ ನಿಜಕ್ಕೂ ನಿದ್ದೆಹೋದ ರಾತ್ರಿಗಳಲ್ಲಿ ಆ ಟಿವಿ ಬೆಳಗಿನವರೆಗೆ ಯಾರಿಗಾಗಿ ಓಡುತ್ತಿತ್ತು?

ನಿನ್ನೆ ಫೋನ್ ಮಾಡಿದಾಗ ಅಪ್ಪ ಹೇಳಿದರು, "ಈಗ ಆಟಕ್ಕೆ ಮಾತ್ರ ಟಿವಿ. ಕೂಟಕ್ಕೆ ಫೋನು. ಇನ್ವರ್ಟರ್ ಕೂಗಿಲ್ಲ."