ಟೇಬಲ್ ಇತ್ತು, ಕಾಲಂ ಇರಲಿಲ್ಲ

18 ಜನವರಿ 2025, ಶನಿವಾರ
ಕಲಬುರಗಿ

ಬೆಳಿಗ್ಗೆ ಗಂಜ್ ಮಾರುಕಟ್ಟೆಯಿಂದ ಅಡತಿ (ದಲ್ಲಾಳಿ) ಅಂಗಡಿಯ ಕಾಕಾನ ಫೋನ್. "ತಮ್ಮಾ, ಚೀಟಿ ಬರವಲ್ದು. ರೈತರು ನಿಂತಾರ, ಜಲ್ದಿ ಬಾ." ತೊಗರಿ ಸೀಸನ್ ಬೇರೆ. ಹೋಗಿ ನೋಡಿದರೆ ತೂಕದ ಚೀಟಿಯನ್ನು ಕೈಯಲ್ಲೇ ಬರೆದು ಕೊಡುತ್ತಿದ್ದರು.

ತಪ್ಪು ನನ್ನದೇ. ಚೀಟಿ ಮುದ್ರಿಸುವ ಪ್ರೋಗ್ರಾಂ ನಾನೇ ಬರೆದದ್ದು, ಅದು ಲೆಕ್ಕವನ್ನು ಎಸ್‌ಕ್ಯೂಲೈಟ್ ಎಂಬ ಡೇಟಾಬೇಸ್‌ನ ಫೈಲಿನಲ್ಲಿ ಟೇಬಲ್ ಮಾಡಿ ಇಡುತ್ತದೆ. ನಿನ್ನೆ ರಾತ್ರಿ ಅದಕ್ಕೆ ತೇವಾಂಶದ ಕಾಲಂ ಸೇರಿಸಿದ್ದೆ. ನನ್ನ ಲ್ಯಾಪ್‌ಟಾಪ್‌ನಲ್ಲಿ ಹಳೇ ಫೈಲ್ ಅಳಿಸಿ ನೋಡಿದ್ದರಿಂದ ಎಲ್ಲ ಸರಿ ಬಂತು. ಅಂಗಡಿಯಲ್ಲಿ ಎರಡು ವರ್ಷದ ಲೆಕ್ಕ ತುಂಬಿದ ಟೇಬಲ್ ಇದೆ. ಪ್ರೋಗ್ರಾಂನಲ್ಲಿ "ಕ್ರಿಯೇಟ್ ಟೇಬಲ್ ಇಫ್ ನಾಟ್ ಎಕ್ಸಿಸ್ಟ್ಸ್", ಅಂದರೆ ಟೇಬಲ್ ಇಲ್ಲದಿದ್ದರೆ ಮಾಡು, ಅನ್ನುವ ಸಾಲು ಇದೆ. ಅದು ನೋಡುವುದು ಹೆಸರನ್ನು ಮಾತ್ರ. ಆ ಹೆಸರಿನ ಟೇಬಲ್ ಇದ್ದರೆ ಸುಮ್ನೆ ಮುಂದೆ ಹೋಗುತ್ತದೆ, ಎರರೂ ಕೊಡುವುದಿಲ್ಲ. ಒಳಗೆ ಯಾವ ಕಾಲಂ ಇದೆ ಅಂತ ಕೇಳುವುದೇ ಇಲ್ಲ. ಆಮೇಲೆ ಹೊಸ ಲೆಕ್ಕ ಸೇರಿಸುವಾಗ (ಇನ್ಸರ್ಟ್) "ಆ ಕಾಲಂ ಇಲ್ಲ" ಅಂತ ನಿಲ್ಲುತ್ತದೆ.

ಹಾಗಂತ ಆ ಸಾಲು ಬೇಡ ಅಲ್ಲ. ಮೊದಲು ನಾನು ಟೇಬಲ್ ಹೆಸರುಗಳ ಪಟ್ಟಿ ಇರುವ ಎಸ್‌ಕ್ಯೂಲೈಟ್_ಮಾಸ್ಟರ್‌ನಲ್ಲಿ ಹೆಸರು ಹುಡುಕಿ, ಸಿಗದಿದ್ದರೆ ಟೇಬಲ್ ಮಾಡುತ್ತಿದ್ದೆ. ತೂಕದ್ದು, ಬಿಲ್ಲಿನದ್ದು ಎರಡೂ ಪ್ರೋಗ್ರಾಂ ಒಟ್ಟಿಗೆ ತೆರೆದ ದಿನ ಇಬ್ಬರಿಗೂ "ಇಲ್ಲ" ಎಂಬ ಉತ್ತರ ಸಿಕ್ಕಿತ್ತು. ಇಬ್ಬರೂ ಟೇಬಲ್ ಮಾಡಲು ಹೋದರು, ಹಿಂದೆ ಬಂದದ್ದು ಬಿದ್ದುಹೋಯಿತು. ನೋಡುವುದು, ಮಾಡುವುದು ಒಂದೇ ಸಾಲಿನಲ್ಲಿ ಇದ್ದರೆ ಈ ಕಾಟ ಇಲ್ಲ.

ಇವತ್ತು ಮೊದಲು ಫೈಲಿನ ಕಾಪಿ ತೆಗೆದಿಟ್ಟೆ. ಎಸ್‌ಕ್ಯೂಲೈಟ್ ಫೈಲಿನ ಒಳಗೇ ಯೂಸರ್_ವರ್ಷನ್ ಅಂತ ಒಂದು ನಂಬರ್ ಇರುತ್ತದೆ, ನಾವು ಮುಟ್ಟುವವರೆಗೂ ಅದು 0. ಈಗ ಪ್ರೋಗ್ರಾಂ ಅದನ್ನು ಓದುತ್ತದೆ. 0 ಇದ್ದರೆ ಆಲ್ಟರ್ ಟೇಬಲ್‌ನಿಂದ ಕಾಲಂ ಸೇರಿಸಿ 1 ಮಾಡುತ್ತದೆ, ಎರಡೂ ಒಂದೇ ಟ್ರಾನ್ಸಾಕ್ಷನ್‌ನಲ್ಲಿ. ಅಂದರೆ ಆದರೆ ಎರಡೂ ಆಗಬೇಕು, ಇಲ್ಲದಿದ್ದರೆ ಎರಡೂ ಇಲ್ಲ. ಎಸ್‌ಕ್ಯೂಲೈಟ್‌ನಲ್ಲಿ ಕಾಲಂ ಸೇರಿಸುವ ಆ್ಯಡ್ ಕಾಲಂಗೆ "ಇಫ್ ನಾಟ್ ಎಕ್ಸಿಸ್ಟ್ಸ್" ಸೌಲಭ್ಯ ಇಲ್ಲ, ಅದಕ್ಕೇ ಈ ನಂಬರ್. ಕ್ರಿಯೇಟ್ ಸಾಲನ್ನು ಹಳೇ ರೂಪದಲ್ಲೇ ಬಿಟ್ಟೆ. ಹೊಸ ಅಂಗಡಿಯ ಖಾಲಿ ಫೈಲೂ, ಹಳೇ ಫೈಲೂ ಒಂದೇ ದಾರಿಯಲ್ಲಿ ಬರಬೇಕು.

ಟೇಬಲ್ಲಿನ ಹಳೇ ಲೆಕ್ಕದ ಸಾಲುಗಳಲ್ಲಿ ತೇವಾಂಶ ಖಾಲಿ ಕಂಡಿತು. "ಸೊನ್ನಿ ಹಾಕಿಬಿಡು" ಅಂದ ಕಾಕಾ. ನಾನು ಒಪ್ಪಲಿಲ್ಲ. "ಸೊನ್ನಿ ಅಂದ್ರ ತೇವ ಇರಲೇ ಇಲ್ಲ ಅಂದಂಗ ಆಗ್ತದ ಕಾಕಾ. ನಾವು ಅಳತೀನೇ ಮಾಡಿಲ್ಲಲ್ಲ." ಸ್ವಲ್ಪ ಹೊತ್ತು ಸ್ಕ್ರೀನ್ ನೋಡಿ, "ಖರೇ ಅದ, ಹಂಗೇ ಇರಲಿ" ಅಂದ.

ಮಧ್ಯಾಹ್ನದ ಹೊತ್ತಿಗೆ ಪ್ರಿಂಟರ್ ಶುರುವಾಯಿತು. ಮೊದಲ ಚೀಟಿ ಆಳಂದ ಕಡೆಯ ಅಜ್ಜನಿಗೆ. ಬೆಳಿಗ್ಗೆ ಕೈಯಲ್ಲಿ ಬರೆದ 14 ಚೀಟಿಗಳನ್ನು ಕೂತು ಸೇರಿಸಿ, ಮೊತ್ತ ಎರಡು ಸಲ ತಾಳೆ ನೋಡಿ ಮನೆಗೆ ಬಂದೆ.