ಚಿಕ್ಕಮಗಳೂರಿನಿಂದ ಸಸಿಹಿತ್ಲಿಗೆ: ಸರ್ಫಿಂಗ್ ಕಲಿಯಲು ಘಟ್ಟ ಇಳಿಯುವವರಿಗೆ

ಬೆಳಿಗ್ಗೆ ಏಳಕ್ಕೆ ಚಿಕ್ಕಮಗಳೂರು ಬಿಟ್ಟು, ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು, ಚಾರ್ಮಾಡಿಯಲ್ಲಿ ನಿಂತು ನಾಲ್ಕು ಫೋಟೋ ತೆಗೆದು ಮೂಲ್ಕಿ ಹತ್ತಿರದ ಸಸಿಹಿತ್ಲು ಕಡಲತೀರ ಮುಟ್ಟುವಷ್ಟರಲ್ಲಿ ಹನ್ನೆರಡು ದಾಟಿರುತ್ತದೆ. ಸರ್ಫಿಂಗ್ ಕಲಿಯಲು ಹೋಗುವವರಲ್ಲಿ ಹೆಚ್ಚಿನವರು ತಪ್ಪುವುದು ಇಲ್ಲೇ. ಆ ಹೊತ್ತಿಗೆ ಕಡಲಗಾಳಿ ಎದ್ದು ಅಲೆಯನ್ನು ಕೆಡಿಸಿರುತ್ತದೆ.

ರಾತ್ರಿ ನೆಲ ಬೇಗ ತಣಿಯುತ್ತದೆ, ಕಡಲು ತಣಿಯುವುದಿಲ್ಲ. ಅದರಿಂದ ಬೆಳಗಿನ ಜಾವ ಗಾಳಿ ಘಟ್ಟದ ಕಡೆಯಿಂದ ಕಡಲಿಗೆ ಮೆಲ್ಲಗೆ ಬೀಸುತ್ತದೆ. ಅಲೆಯ ಮುಖ ನುಣ್ಣಗಿರುತ್ತದೆ, ಒಂದರ ಹಿಂದೆ ಒಂದು ಸಾಲಾಗಿ ಬರುವುದು ಕಣ್ಣಿಗೆ ಕಾಣುತ್ತದೆ. ಬಿಸಿಲೇರಿ ನೆಲ ಕಾದ ಮೇಲೆ ಗಾಳಿ ತಿರುಗಿ ಕಡಲಿನಿಂದ ಬೀಸುತ್ತದೆ, ಅಲೆಗಳು ಎಲ್ಲೆಂದರಲ್ಲಿ ಮುರಿಯುತ್ತವೆ. ಹೊಸಬರಿಗೆ ಸಿಗುವ ಒಳ್ಳೆಯ ಹೊತ್ತು ಆರೂವರೆಯಿಂದ ಹತ್ತರವರೆಗೆ ಮಾತ್ರ. ಹಾಗಾಗಿ ಹಿಂದಿನ ದಿನವೇ ಘಟ್ಟ ಇಳಿಯಿರಿ, ಎರಡು ರಾತ್ರಿ ಉಳಿಯಿರಿ, ಎರಡು ಬೆಳಗು ನೀರಿಗಿಳಿಯಿರಿ. ಒಂದೇ ಬೆಳಗಿನಲ್ಲಿ ಮೈಗೆ ಪಾಠ ಹತ್ತುವುದಿಲ್ಲ.

ದಾರಿ: ಮೂಡಿಗೆರೆ, ಕೊಟ್ಟಿಗೆಹಾರ, ಚಾರ್ಮಾಡಿ, ಉಜಿರೆ, ಬೆಳ್ತಂಗಡಿ, ಗುರುವಾಯನಕೆರೆ. ಅಲ್ಲಿಂದ ವೇಣೂರು, ಮೂಡುಬಿದಿರೆ, ಕಿನ್ನಿಗೋಳಿ ಮೇಲೆ ಮೂಲ್ಕಿಗೆ ಹೋದರೆ ಮಂಗಳೂರಿನ ಟ್ರಾಫಿಕ್ ತಪ್ಪುತ್ತದೆ. ಹಾಸನದವರು ಸಕಲೇಶಪುರ, ಶಿರಾಡಿ, ಬಿ.ಸಿ.ರೋಡ್ ಮೇಲೆ ಬಂದು ಸುರತ್ಕಲ್ ದಾಟಿ ಹಳೆಯಂಗಡಿಯಲ್ಲಿ ಕಡಲ ಕಡೆ ತಿರುಗಬೇಕು. ಮೂಲ್ಕಿಯಲ್ಲಿ ಸರ್ಫಿಂಗ್ ಕಲಿಸುವ ಶಾಲೆಗಳಿವೆ. ಹೊರಡುವ ಮೊದಲು ಫೋನ್ ಮಾಡಿ ಬೆಳಗಿನ ಮೊದಲ ಬ್ಯಾಚನ್ನೇ ಕೇಳಿ. ಅಕ್ಟೋಬರ್ ಕೊನೆಯಿಂದ ಮಾರ್ಚ್‌ವರೆಗೆ ಕಲಿಯುವವರ ಕಾಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಡಲಿನ ತಂಟೆಗೇ ಹೋಗಬೇಡಿ.

ತಯಾರಿ ಮನೆಯಲ್ಲೇ ಶುರುವಾಗಲಿ. 15 ದಿನ ಮುಂಚೆಯಿಂದ ಜಮಖಾನದ ಮೇಲೆ ಬೋರಲು ಮಲಗಿ, ಅಂಗೈಗಳನ್ನು ಎದೆಯ ಪಕ್ಕ ಊರಿ, ಒಂದೇ ಏಟಿಗೆ ಎದ್ದು ನಿಲ್ಲುವುದನ್ನು ದಿನಕ್ಕೆ 20 ಸಲ ಮಾಡಿ. ಮುಂದಿನ ಪಾದ ಎರಡು ಕೈಗಳ ನಡುವೆ ಬರಬೇಕು, ಹಿಂದಿನ ಪಾದ ಅಡ್ಡಲಾಗಿರಬೇಕು, ಮಂಡಿ ಮಡಿಚಿರಬೇಕು. ಮೊದಲು ಮಂಡಿಯೂರಿ ಆಮೇಲೆ ಏಳುವ ಅಭ್ಯಾಸ ಬೇಡವೇ ಬೇಡ. ನೀರಿನ ಮೇಲೆ ಆ ಅರ್ಧ ಕ್ಷಣದಲ್ಲಿ ಭಾರ ಒಂದು ಮಗ್ಗುಲಿಗೆ ಬಿದ್ದು ಬೋರ್ಡ್ ಮಗುಚುತ್ತದೆ. ಈಜುಕೊಳದಲ್ಲಿ ನಿಲ್ಲದೆ 200 ಮೀಟರ್ ಈಜಲು ಬಂದರೆ ಧೈರ್ಯವಾಗಿ ಹೊರಡಬಹುದು.

ಬೋರ್ಡ್ ಮೆತ್ತನೆಯ ಮೇಲ್ಮೈಯದ್ದೇ ಇರಲಿ. 60ರಿಂದ 75 ಕೆ.ಜಿ. ತೂಕದವರಿಗೆ 8 ಅಡಿ, ಅದಕ್ಕಿಂತ ಹೆಚ್ಚಿನವರಿಗೆ 9 ಅಡಿ. ಚಿಕ್ಕ ಬೋರ್ಡ್ ನೋಡಲು ಚೆಂದ, ಆದರೆ ಹೊಸಬರನ್ನು ತೇಲಿಸುವುದಿಲ್ಲ. ಬೋರ್ಡಿಗೆ ಕಟ್ಟಿದ ಹಗ್ಗದ ಪಟ್ಟಿಗೆ ಲೀಶ್ ಅನ್ನುತ್ತಾರೆ, ಅದು ಹಿಂದಿನ ಕಾಲಿನ ಹರಡಿಗೆ.

ಮೊದಲ ಬೆಳಗು ಸೊಂಟದುದ್ದದ ನೀರು ದಾಟಬೇಡಿ. ಆಗಲೇ ಮುರಿದು ನೊರೆಯಾಗಿ ಬರುವ ಅಲೆಯೇ ಸಾಕು. ಬೋರ್ಡಿನ ಮೂತಿಯನ್ನು ದಡಕ್ಕೆ ನೇರ ತಿರುಗಿಸಿ ಮಲಗಿ. ಮೂತಿ ನೀರಿಗಿಂತ ನಾಲ್ಕು ಬೆರಳು ಮೇಲಿರಬೇಕು. ಮುಂದೆ ಸರಿದು ಮಲಗಿದರೆ ಮೂತಿ ನೀರಿಗೆ ಕುತ್ತಿ ಪಲ್ಟಿ ಹೊಡೆಯುತ್ತೀರಿ. ಹಿಂದೆ ಸರಿದರೆ ಅಲೆ ನಿಮ್ಮನ್ನು ಬಿಟ್ಟು ಮುಂದೆ ಹೋಗುತ್ತದೆ. ನೊರೆ ಮೂರು ನಾಲ್ಕು ಮೀಟರ್ ಹಿಂದಿರುವಾಗ ಕೈಯಿಂದ ನೀರು ಎಳೆಯಲು ಶುರುಮಾಡಿ. ಬೋರ್ಡಿನ ಹಿಂಭಾಗವನ್ನು ಅಲೆ ಎತ್ತಿದಂತಾದ ಮೇಲೂ ಎರಡು ಸಲ ಎಳೆದು, ಆಮೇಲೆ ಏಳಿ. ಹೆಚ್ಚಿನವರು ಬೀಳುವುದು ಆ ಎರಡು ಎಳೆತ ಬಿಟ್ಟಿದ್ದಕ್ಕೆ. ಸೈಕಲ್ಲಿನ ಹಾಗೆ ಬೋರ್ಡ್ ಕೂಡ ಓಟದಲ್ಲಿದ್ದರೆ ಮಾತ್ರ ನಿಲ್ಲುತ್ತದೆ. ಎದ್ದ ಮೇಲೆ ಕಣ್ಣು ದಡದ ತೆಂಗಿನ ಮರದ ಮೇಲಿರಲಿ, ಪಾದ ನೋಡಿದರೆ ಪಾದದ ಕಡೆಗೇ ಬೀಳುತ್ತೀರಿ.

ಬೀಳುವುದನ್ನೂ ಕಲಿಯಬೇಕು. ನೀರು ಆಳವಿಲ್ಲ, ತಲೆ ಮುಂದಾಗಿ ಧುಮುಕಿದರೆ ಕತ್ತಿಗೆ ಪೆಟ್ಟು. ಅಗಲಕ್ಕೆ ಚಪ್ಪಟೆಯಾಗಿ ಬಿದ್ದು, ಮೇಲೆ ಬರುವಾಗ ಎರಡೂ ಕೈಯಿಂದ ತಲೆ ಮುಚ್ಚಿಕೊಳ್ಳಿ, ಬೋರ್ಡ್ ಎಲ್ಲಿದೆ ಎಂದು ನೋಡಿ. ಬೋರ್ಡ್ ಹಿಡಿದು ಒಳಗೆ ನಡೆಯುವಾಗ ಅದು ನಿಮ್ಮ ಪಕ್ಕದಲ್ಲಿರಲಿ. ನಿಮಗೂ ಬರುವ ಅಲೆಗೂ ನಡುವೆ ಅಡ್ಡ ಹಿಡಿದರೆ ಅಲೆ ಅದನ್ನು ಎತ್ತಿ ಮುಖಕ್ಕೇ ಬಡಿಯುತ್ತದೆ.

ಕೆರೆ, ಹೊಳೆ, ಭದ್ರಾ ಹಿನ್ನೀರಿನಲ್ಲಿ ಈಜಿ ಬೆಳೆದವರು ಒಂದು ಮಾತನ್ನು ಗಟ್ಟಿಯಾಗಿ ನೆನಪಿಡಬೇಕು. ಕಡಲಿನಲ್ಲಿ ಶಾಂತವಾಗಿ ಕಾಣುವ ಜಾಗವೇ ಅಪಾಯದ್ದು. ಎರಡೂ ಪಕ್ಕ ಅಲೆ ಮುರಿಯುತ್ತಾ ನಡುವೆ ಕಪ್ಪಗೆ, ನುಣ್ಣಗೆ ಕಾಣುವ ಓಣಿಯಲ್ಲಿ ನೀರು ಕಡಲಿಗೆ ವಾಪಸ್ ಹರಿಯುತ್ತಿರುತ್ತದೆ. ಸಿಕ್ಕಿಕೊಂಡರೆ ದಡದ ಕಡೆ ಗುದ್ದಾಡಬೇಡಿ, ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಸರಿಯಿರಿ. ಬೋರ್ಡ್ ಬಿಡಬೇಡಿ, ಒಂದು ಕೈ ಎತ್ತಿ ತೋರಿಸಿ. ನಂದಿನಿ, ಶಾಂಭವಿ ನದಿಗಳು ಕಡಲು ಸೇರುವ ಅಳಿವೆಯ ಹತ್ತಿರ, ಅದರಲ್ಲೂ ಇಳಿತದ ಹೊತ್ತಿನಲ್ಲಿ, ಕಲಿಯುವವರು ಹೋಗಲೇಬಾರದು.

ಎದೆ, ಹೊಟ್ಟೆ ತರಚದಂತೆ ತುಂಬು ತೋಳಿನ ಬಿಗಿ ಅಂಗಿ ಬೇಕು. ಅಂಬಲಿ ಮೀನು (ಜೆಲ್ಲಿಫಿಶ್) ತಾಗಿ ಉರಿದರೆ ಮರಳಿನಿಂದ ಉಜ್ಜಬೇಡಿ, ಸಿಹಿನೀರೂ ಬೇಡ, ಕಡಲ ನೀರಿನಲ್ಲೇ ತೊಳೆಯಿರಿ.

ಹಾಯಿ ಕಟ್ಟಿದ ಬೋರ್ಡ್, ಅಂದರೆ ವಿಂಡ್‌ಸರ್ಫಿಂಗ್, ಕಲಿಯುವ ಆಸೆಯಿದ್ದರೆ ಲೆಕ್ಕ ತಿರುಗುಮುರುಗು. ಸರ್ಫಿಂಗ್ ಕೆಡಿಸುವ ಮಧ್ಯಾಹ್ನದ ಗಾಳಿಯೇ ಅದಕ್ಕೆ ಬೇಕು. ಘಟ್ಟದ ಕಡೆಯಿಂದ ಕಡಲಿಗೆ ಬೀಸುವ ಗಾಳಿಯಲ್ಲಿ ಮಾತ್ರ ಹಾಯಿ ಎತ್ತಬೇಡಿ, ವಾಪಸ್ ಬರಲಾಗುವುದಿಲ್ಲ. ಶುರುವಿನ ಅಭ್ಯಾಸ ಅಲೆಯಿಲ್ಲದ ಹಿನ್ನೀರಿನಲ್ಲೇ ಆಗಬೇಕು, 180 ಲೀಟರ್ ಮೀರಿದ ಗಾತ್ರದ ಅಗಲವಾದ ಬೋರ್ಡ್, 4ರಿಂದ 5 ಚದರ ಮೀಟರ್ ಹಾಯಿ ಇಟ್ಟುಕೊಂಡು. ಹೊಸಬರು ಬೋರ್ಡಿನ ಮೇಲೆ ನಿಂತು ಹಗ್ಗ ಎಳೆದು ಹಾಯಿ ಎತ್ತುತ್ತಾರೆ. ಅಲೆ ಮುರಿಯುವ ಜಾಗದಲ್ಲಿ ಹಾಯಿಯಿಂದ ನೀರು ಸೋರುವ ಮೊದಲೇ ಮುಂದಿನ ಅಲೆ ಬಂದು ಬೀಳಿಸುತ್ತದೆ. ನೀರಿನಲ್ಲಿ ತೇಲುತ್ತಲೇ ಹಾಯಿಗೆ ಗಾಳಿ ತುಂಬಿಸಿ, ಅದರ ಎಳೆತದಿಂದಲೇ ಬೋರ್ಡ್ ಏರುವ ವಾಟರ್‌ಸ್ಟಾರ್ಟ್ ಹತ್ತಕ್ಕೆ ಎಂಟು ಸಲ ಕೈಗೂಡುವವರೆಗೆ ಹಾಯಿಯನ್ನು ಅಲೆಗೆ ಒಯ್ಯಬೇಡಿ.