ಮಳೆ ಹಿಡಿಯುವ ಮುಂಚೆ ಒಂದು ಹಳೇ ಫೋರ್‌ವೀಲ್

18 ಮೇ 2025, ಭಾನುವಾರ
ಮೂಡಿಗೆರೆ ಹತ್ತಿರ

ಮುಂಗಾರು ಶುರುವಾಗಲು ಇನ್ನು ಹೆಚ್ಚು ದಿನ ಇಲ್ಲ. ಅಷ್ಟರೊಳಗೆ ಶೆಡ್ಡಿಗೆ ನಾಲ್ಕೂ ಚಕ್ರಕ್ಕೆ ಎಂಜಿನ್ನಿನ ಬಲ ಹೋಗುವ ಒಂದು ಫೋರ್‌ವೀಲ್ ಗಾಡಿ ಬರಲೇಬೇಕು. ಈಗಿರುವ ಪಿಕಪ್ ಟೂ ವೀಲ್, ಬಲ ಹಿಂದಿನ ಎರಡು ಚಕ್ರಕ್ಕೆ ಮಾತ್ರ. ಬೇಸಿಗೆಯಲ್ಲಿ ಅದರ ಮೇಲೆ ಏನೂ ದೂರಿಲ್ಲ, ಆದರೆ ಜೂನ್ ಕೊನೆಯಿಂದ ಸೆಪ್ಟೆಂಬರ್ ತನಕ ಟಾರ್ ರಸ್ತೆ ಬಿಟ್ಟು ಮನೆ ಕಡೆಯ ಏರು ಹತ್ತುವಾಗ ಹಿಂದಿನ ಚಕ್ರ ಇದ್ದಲ್ಲೇ ತಿರುಗುತ್ತಾ ನಿಂತುಬಿಡುತ್ತದೆ. ಟೈರಿಗೆ ಚೈನ್ ಕಟ್ಟಿದರೆ ಹತ್ತುತ್ತದೆ, ನಿಜ. ಸುರಿಯುವ ಮಳೆಯಲ್ಲಿ ಕಟ್ಟುವವರು ಯಾರು, ಟಾರ್ ಸಿಕ್ಕಿದ ಕೂಡಲೇ ಬಿಚ್ಚುವವರು ಯಾರು? ಹೊಸ ಥಾರ್, ಜಿಮ್ನಿ ಎರಡರ ಬೆಲೆಯೂ ನಮ್ಮ ಕೈಗೆ ಎಟುಕುವುದಲ್ಲ. ಮೆಣಸಿಗೆ ರೇಟು ಎಷ್ಟೇ ಬರಲಿ, ಆ ದುಡ್ಡಿಗೆ ಬೇರೆ ಖರ್ಚು ಕಾದು ಕೂತಿರುತ್ತದೆ. ಹಾಗಾಗಿ ಹಳೇದೇ ಗತಿ.

ಈ ತಿಂಗಳು ಗ್ಯಾರೇಜಿನ ಮೇಸ್ತ್ರಿಯನ್ನು ಜೊತೆಗೆ ಕರೆದುಕೊಂಡು ಹೋಗಿ ಮೂರು ಗಾಡಿ ನೋಡಿದೆವು. 1991ರ ಮಹೀಂದ್ರ ಎಂಎಂ540 ಜೀಪು ಬಣಕಲ್ ಕಡೆ ಒಂದು ತೋಟದಲ್ಲಿದೆ. 2009ರ ಮಾರುತಿ ಜಿಪ್ಸಿ ಹಾಸನದಲ್ಲಿದೆ. 2013ರ ಥಾರ್ ಚಿಕ್ಕಮಗಳೂರಲ್ಲಿತ್ತು.

ಥಾರ್ ಕಥೆ ಬೇಗ ಮುಗಿಸುತ್ತೇನೆ. ಮೂರರಲ್ಲಿ ಚಿಕ್ಕ ವಯಸ್ಸಿನದು ಅದೇ. 2498 ಸಿಸಿ ಕಾಮನ್ ರೈಲ್ ಡೀಸೆಲ್, 105 ಬಿಎಚ್‌ಪಿ, ಪವರ್ ಸ್ಟೀರಿಂಗ್. ಆರ್‌ಸಿ 2028ರ ತನಕ ಇದೆ. ಏರಿನಲ್ಲಿ ಎಳೆಯುವ ಪರಿ ನೋಡಿದರೆ ಬೇರೆ ಯಾವುದೂ ಬೇಡ ಅನ್ನಿಸುತ್ತದೆ. ಆದರೆ ಮಾಲೀಕರು ಹುಡುಗರು. ದೊಡ್ಡ ಟೈರು, ಸ್ನಾರ್ಕೆಲ್, ಮುಂದೆ ಕಬ್ಬಿಣದ ದಪ್ಪ ಬಂಪರ್, ಅದಕ್ಕೊಂದು ವಿಂಚು. ಇಂಥ ಬಂಪರ್, ಅಂದರೆ ಬುಲ್ ಬಾರ್ ಹಾಕುವ ಹಾಗಿಲ್ಲ ಅಂತ 2017ರಲ್ಲೇ ಕೇಂದ್ರ ಸರ್ಕಾರ ಹೇಳಿದೆ. ಈ ಸಾಮಾನಿಗೆಲ್ಲ ಖರ್ಚು ಮಾಡಿದ್ದನ್ನು ನಮ್ಮ ಹತ್ತಿರ ವಸೂಲಿ ಮಾಡುವ ಲೆಕ್ಕ ಅವರದು, ಅದನ್ನೆಲ್ಲ ಬಿಚ್ಚಿಸುವ ಲೆಕ್ಕ ನಮ್ಮದು. ಬೆಲೆ ಕೇಳಿ ಕಾಫಿ ಕುಡಿದು ಬಂದೆವು.

ಈಗ ಜೀಪು. ಇದರ ಬಗ್ಗೆ ಬರೆಯಲು ಕೂತರೆ ಕೈ ನಿಲ್ಲುವುದಿಲ್ಲ.

ನಮ್ಮ ಕಡೆ ಗಂಡಸರು ಡ್ರೈವಿಂಗ್ ಕಲಿತಿದ್ದೇ ಜೀಪಿನಲ್ಲಿ. ಮಹೀಂದ್ರದವರು 1940ರ ದಶಕದ ಕೊನೆಯಲ್ಲಿ ಬೊಂಬಾಯಿಯಲ್ಲಿ ವಿಲ್ಲಿಸ್ ಜೀಪು ಜೋಡಿಸಲು ಶುರು ಮಾಡಿದರು. ಆ ವಂಶ ಹೊರಗಿನ ಆಕಾರ ದೊಡ್ಡದಾಗಿ ಬದಲಾಗದೆ 1990ರ ದಶಕ ದಾಟಿಯೂ ನಡೆಯಿತು. ಹಾಗಾಗಿ ಇದಕ್ಕೆ ಕೈ ಹಾಕಬಲ್ಲವರು ಕೊಟ್ಟಿಗೆಹಾರದಲ್ಲೂ ಇದ್ದಾರೆ, ಕಳಸದಲ್ಲೂ ಇದ್ದಾರೆ. ಬಣಕಲ್ಲಿನ ಈ ಜೀಪಿಗೆ ಪೇಜೋ ಎಂಜಿನ್, 2112 ಸಿಸಿ. ಫ್ರಾನ್ಸಿನ ಪೇಜೋದವರಿಂದ ಲೈಸೆನ್ಸ್ ಪಡೆದು ಮಹೀಂದ್ರ ಇಲ್ಲೇ ಮಾಡುತ್ತಿದ್ದ ಡೀಸೆಲ್ ಅದು. ಡೀಸೆಲ್ಲನ್ನು ನೇರ ಸಿಲಿಂಡರಿಗೇ ಸಿಂಪಡಿಸುವ ಡಿಐ ಎಂಜಿನ್ ಅಲ್ಲವಾದ್ದರಿಂದ ಬೆಳಿಗ್ಗೆ ಚಳಿಯಲ್ಲಿ ಸುಮ್ನೆ ಸೆಲ್ಫ್ ಹೊಡೆದರೆ ಹೊಗೆ ಬರುತ್ತದೆ, ಎಂಜಿನ್ ಏಳುವುದಿಲ್ಲ. ಕೀ ತಿರುಗಿಸಿ ಎಂಜಿನ್ ಒಳಗಿನ ಹೀಟರ್ ಕಾಯುವವರೆಗೆ ಸುಮ್ಮನಿರಬೇಕು. ಒಮ್ಮೆ ಎದ್ದ ಮೇಲೆ ಮಾತ್ರ ಅದಕ್ಕೆ ಯಾರ ಹಂಗೂ ಇಲ್ಲ. ಪಂಪು, ನಾಝಲ್ ಎಲ್ಲ ಮೆಕ್ಯಾನಿಕಲ್. ಬ್ಯಾಟರಿ ಸತ್ತರೂ ಓಡುತ್ತದೆ, ಎಂಜಿನ್ ಬಿಸಿ ಇದ್ದಾಗ ಇಳಿಜಾರಿನಲ್ಲಿ ಎರಡನೇ ಗೇರು ಹಾಕಿ ಬಿಟ್ಟರೆ ಸ್ಟಾರ್ಟೂ ಆಗುತ್ತದೆ. ಮಲೆನಾಡಿನಲ್ಲಿ ಇಳಿಜಾರಿಗೇನು ಬರವೇ!

ಮತ್ತೆ ಅದರ ಖದರ್ ಇದೆಯಲ್ಲ, ಅದನ್ನು ಇಲ್ಲ ಅನ್ನಲು ನನ್ನಿಂದಾಗದು. ಮುಂದಿನ ಗಾಜನ್ನು ಬಾನೆಟ್ ಮೇಲೆ ಮಲಗಿಸಿ, ಲೋ ಗೇರಿನಲ್ಲಿ ಆಕ್ಸಿಲರೇಟರ್ ಮುಟ್ಟದೆ ಕಾಫಿ ಗಿಡಗಳ ನಡುವಿನ ಏರನ್ನು ಟಕ ಟಕ ಅಂತ ಹತ್ತಿಸುವಾಗ ಅಪ್ಪಯ್ಯನ ಮುಖ ನೋಡಬೇಕಿತ್ತು. "ಇದಪ್ಪಾ ಗಾಡಿ ಅಂದ್ರೆ," ಅಂದರು. ಅವರಿಗೆ ಎಪ್ಪತ್ತು ದಾಟಿದೆ, ಬಲ ಮಂಡಿ ಸರಿಯಿಲ್ಲ, ಹತ್ತಲು ನಾನು ಕೈ ಕೊಡಬೇಕಾಯಿತು. ಇಳಿಯುವಾಗ ಮಾತ್ರ ಯಾರ ಕೈಯೂ ಬೇಡ ಅಂತ ಹಟ.

ಆಮೇಲೆ ಮೇಸ್ತ್ರಿ ಮುಂದಿನ ಚಕ್ರ ಜಾಕಿಗೆ ಎತ್ತಿ, ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದರು. ಚಕ್ರ ಪಕ್ಕಕ್ಕೆ ತಿರುಗುವ ಕಡೆಯ ಕಿಂಗ್ ಪಿನ್ ಬೇರಿಂಗ್ ಹೋಗಿದೆ. ಸ್ಟೀರಿಂಗಿನ ಟೈ ರಾಡ್ ಎಂಡುಗಳೂ ಸಡಿಲ ಆಗಿವೆ. ಟಾರ್ ರಸ್ತೆಯಲ್ಲಿ ಐವತ್ತು ದಾಟಿ ಒಂದು ಗುಂಡಿ ಸಿಕ್ಕರೆ ಸ್ಟೀರಿಂಗ್ ಕೈಯಿಂದ ಕಿತ್ತುಕೊಳ್ಳುವ ಹಾಗೆ ಒದರುವುದು ಇದಕ್ಕೇ. ಇದು ಮೂವತ್ತನಾಲ್ಕು ವರ್ಷದ ಗಾಡಿಯ ವಯಸ್ಸಿನ ಕಾಯಿಲೆ, ಸಾಮಾನೂ ಸಿಗುತ್ತದೆ, ಕೂಲಿಯೂ ಜಾಸ್ತಿ ಅಲ್ಲ. ಗೇರ್ ಬಾಕ್ಸಿನಿಂದ ಆಯಿಲ್ ಸೋರಿಕೆ, ಹಿಂದಿನ ಜಾಯಿಂಟಿನ ಕ್ರಾಸ್, ಬ್ರೇಕಿನ ವೀಲ್ ಸಿಲಿಂಡರ್ ಕೂಡ ಹಾಗೇ, ಒಂದೊಂದೂ ಸಣ್ಣ ಕೆಲಸ. ಆದರೆ ಮುಗಿಯುವ ಕೆಲಸವಲ್ಲ. ಇದು ಮುಗಿಯುವಷ್ಟರಲ್ಲಿ ಅದು.

ನಾನು ತಲೆ ಕೆಡಿಸಿಕೊಂಡಿದ್ದು ಇಲ್ಲಿ. ಗಾಡಿ ನಂಬಿಕಸ್ಥವೋ ಅಲ್ಲವೋ ಅಂತ ಕೇಳುವಾಗ ನಾವು ಎಷ್ಟು ಸಲ ಕೈ ಕೊಡುತ್ತದೆ ಅಂತ ಮಾತ್ರ ಲೆಕ್ಕ ಹಾಕುತ್ತೇವೆ, ಕೈ ಕೊಟ್ಟ ಮೇಲೆ ಎಷ್ಟು ದಿನ ನಿಂತಿರುತ್ತದೆ ಅನ್ನುವುದನ್ನು ಬಿಟ್ಟುಬಿಡುತ್ತೇವೆ. ನೆಂಟರೊಬ್ಬರ ಹೊಸ ಮಾದರಿಯ ಗಾಡಿ ವರ್ಷಗಟ್ಟಲೆ ಒಂದು ಬೋಲ್ಟ್ ಸಡಿಲವಾಗದೆ ಓಡಿತು. ಕಳೆದ ಆಷಾಢದಲ್ಲಿ ಒಂದು ಸೆನ್ಸರ್ ಹೋಯಿತು. ಎಂಜಿನ್ ಸ್ಟಾರ್ಟ್ ಆಗುತ್ತದೆ, ಎಳೆಯುವುದಿಲ್ಲ. ಸ್ಕ್ಯಾನರ್ ಇರುವ ಗ್ಯಾರೇಜಿಗೆ ಟ್ರಕ್ ಮೇಲೆ ಹೋಯಿತು, ಸಾಮಾನು ಬರುವ ತನಕ ಅಲ್ಲೇ ಕೂತಿತು. ಅದೇ ಜೀಪು ಆಗಿದ್ದರೆ ತಿಂಗಳಿಗೊಮ್ಮೆ ಏನಾದರೂ ತರಲೆ ಮಾಡುತ್ತಿತ್ತು, ಸಂಜೆಯೊಳಗೆ ಮನೆಗೆ ಬರುತ್ತಿತ್ತು. ನಮ್ಮಂಥವರ ಜಾಗದಲ್ಲಿ ಇವೆರಡರಲ್ಲಿ ಯಾವುದನ್ನು ನಂಬುವುದು? ನಾನು ಸುಮಾರು ದಿನ ಜೀಪಿನ ಪರವಾಗಿಯೇ ವಾದ ಮಾಡುತ್ತಿದ್ದೆ.

ಆ ವಾದ ಮುರಿದಿದ್ದು ಇವಳು, ನನ್ನ ಹೆಂಡತಿ. "ನೀವು ಊರಲ್ಲಿ ಇಲ್ಲದಿದ್ದಾಗ ಅಪ್ಪಯ್ಯನ್ನ ರಾತ್ರಿ ಆಸ್ಪತ್ರೆಗೆ ಕರ್ಕೊಂಡು ಹೋಗ್ಬೇಕಾದ್ರೆ ಅದನ್ನ ಯಾರು ಓಡಿಸೋದು?" ಅಂದಳು. ಪವರ್ ಸ್ಟೀರಿಂಗ್ ಇಲ್ಲ. ಕ್ಲಚ್ ತುಳಿಯಲು ಸೀಟಿನಿಂದ ಮುಂದೆ ಜಾರಬೇಕು. ಹೀಟರ್ ಎಷ್ಟು ಹೊತ್ತು ಹಿಡಿಯಬೇಕು, ಮೂರನೇ ಗೇರು ಯಾವ ಕೋನದಲ್ಲಿ ಬೀಳುತ್ತದೆ ಅನ್ನುವುದು ಓಡಿಸಿ ರೂಢಿ ಇದ್ದವರಿಗೆ ಮಾತ್ರ ಗೊತ್ತಾಗುವ ಸಂಗತಿ. ನಾವು ಅದನ್ನೇ ಖದರ್ ಅಂತ ಮೆಚ್ಚಿಕೊಳ್ಳುತ್ತೇವೆ. ಮನೆಯಲ್ಲಿ ಇನ್ನೊಬ್ಬರು ಅದೇ ಗಾಡಿ ಓಡಿಸಬೇಕಾದಾಗ ಅದು ಖದರ್ ಅಲ್ಲ, ಕಾಟ. ಇನ್ನೊಂದನ್ನೂ ಹೇಳಿಬಿಡುತ್ತೇನೆ, ಬೇಜಾರಾಗುವವರು ಆಗಲಿ. ಜೀಪಿನ ಗತ್ತಿನ ಬಗ್ಗೆ ಗಂಟೆಗಟ್ಟಲೆ ಮಾತಾಡುವ ನಮ್ಮ ಸ್ನೇಹಿತರ ಶೆಡ್ಡಿನಲ್ಲಿ ಜೀಪಿನ ಪಕ್ಕ ಒಂದು ಎಸಿ ಕಾರು ನಿಂತಿರುತ್ತದೆ. ಮದುವೆಗೆ, ಮಂಗಳೂರಿನ ಆಸ್ಪತ್ರೆಗೆ ಅದರಲ್ಲೇ ಹೋಗುತ್ತಾರೆ. ನಮಗೆ ಇರುವುದು ಒಂದು ಪಿಕಪ್, ಇನ್ನೊಂದು ಬರಬೇಕಾದದ್ದು ಇದು. ಚಾರ್ಮಾಡಿ ಘಾಟಿಯ ಮಂಜಿನಲ್ಲಿ ಸ್ಟೀರಿಂಗ್ ಒದರುವ ಗಾಡಿ ಇಳಿಸುವುದು ನನಗಂತೂ ಬೇಡ.

ಅದಕ್ಕಿಂತ ದೊಡ್ಡ ತಕರಾರು ಕಾಗದದ್ದು. ಹಳೇ ಜೀಪು ಕೊಳ್ಳುವವರು ದಯವಿಟ್ಟು ಬಾನೆಟ್ ಎತ್ತುವ ಮುಂಚೆ ಆರ್‌ಸಿ ನೋಡಿ. ಹದಿನೈದು ವರ್ಷ ಆದ ಮೇಲೆ ಐದೈದು ವರ್ಷಕ್ಕೊಮ್ಮೆ ಆರ್‌ಟಿಓದಲ್ಲಿ ಗಾಡಿ ತೋರಿಸಿ ಆರ್‌ಸಿ ರಿನ್ಯೂವಲ್ ಮಾಡಿಸಬೇಕು. ಕಾರು, ಜೀಪುಗಳಿಗೆ 600 ರೂಪಾಯಿ ಇದ್ದ ಆ ಫೀಸು 2022ರ ಏಪ್ರಿಲ್‌ನಿಂದ 5,000 ಆಯಿತು, ಗ್ರೀನ್ ಟ್ಯಾಕ್ಸ್ ಬೇರೆ. ದೆಹಲಿಯಲ್ಲಿ ಹತ್ತು ವರ್ಷ ಆದ ಡೀಸೆಲ್ ಗಾಡಿಗೆ ನಿಷೇಧ ಹೇರಿದ ಹಾಗೆ ನಮ್ಮಲ್ಲಿ ಹೇರಿಲ್ಲ, ಅದೊಂದು ಪುಣ್ಯ. ಈ ಜೀಪಿನ ಆರ್‌ಸಿ ಮುಂದಿನ ವರ್ಷ ಮುಗಿಯುತ್ತದೆ. ದುಡ್ಡಿನ ಮಾತು ಬಿಡಿ. ಎಂಜಿನ್ ಮೇಲಿನ ನಂಬರ್ ಆರ್‌ಸಿಯಲ್ಲಿರುವ ನಂಬರಿಗೆ ಹೊಂದುವುದೇ ಇಲ್ಲ. ಯಾವುದೋ ಕಾಲದಲ್ಲಿ ಇನ್ನೊಂದು ಜೀಪಿನ ಎಂಜಿನ್ ಇಳಿಸಿದ್ದಾರೆ, ಆರ್‌ಸಿಯಲ್ಲಿ ಬರೆಸಿಲ್ಲ. ಅದರ ಬಿಲ್ಲೂ ಇಲ್ಲ. ಕೇಳಿದರೆ "ನಮ್ಮ ಕಡೆ ಯಾರು ಸ್ವಾಮಿ ಬರೆಸ್ತಾರೆ?" ಅಂದರು. ಕಂಪನಿಯಿಂದ ಬಂದ ರೂಪದಿಂದ ಗಾಡಿಯನ್ನು ಬದಲಾಯಿಸುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿದ ಮೇಲೆ ಇಂಥದ್ದಕ್ಕೆಲ್ಲ ಕಣ್ಣು ಮುಚ್ಚಿ ಸೀಲು ಹಾಕುವ ಕಾಲ ಹೋಯಿತು. ಗೇರ್ ಬಾಕ್ಸ್ ಕೆಟ್ಟರೆ ಮೇಸ್ತ್ರಿ ಇದ್ದಾರೆ. ನಂಬರ್ ಹೊಂದದೆ ಆರ್‌ಸಿ ನಿಂತರೆ, ನಾಳೆ ಅಪಘಾತವಾಗಿ ಇನ್ಶೂರೆನ್ಸ್‌ನವರು ತಗಾದೆ ತೆಗೆದರೆ, ಯಾವ ಮೇಸ್ತ್ರಿಯೂ ಏನೂ ಮಾಡಲಾರರು.

ಇನ್ನು ಜಿಪ್ಸಿ. ನೋಡಲು ಏನೂ ವಿಶೇಷವಿಲ್ಲ, ಕಾಲು ಬಂದ ಬೆಂಕಿಪೊಟ್ಟಣದ ಹಾಗಿದೆ. 1985ರಲ್ಲಿ ಬಂದ ಆಕಾರ ಕೊನೆಯ ತನಕ ಹೆಚ್ಚು ಕಡಿಮೆ ಹಾಗೇ ಉಳಿಯಿತು, ಒಳಗಿನ ಎಂಜಿನ್ ಬದಲಾಗುತ್ತಾ ಬಂತು. ಮೊದಲು 970 ಸಿಸಿ, 1996ರಲ್ಲಿ 1298 ಸಿಸಿಯ ಕಿಂಗ್, 2000ದಲ್ಲಿ ಎಂಪಿಎಫ್‌ಐ, ಅಂದರೆ ಪೆಟ್ರೋಲನ್ನು ಇಂಜೆಕ್ಟರಿನಲ್ಲಿ ಸಿಂಪಡಿಸುವ ಎಂಜಿನ್. ನಾವು ನೋಡಿದ್ದು ಎಂಪಿಎಫ್‌ಐ, 80 ಬಿಎಚ್‌ಪಿ. ಪೆಟ್ರೋಲ್ ಕುಡಿಯುತ್ತದೆ. ಡೀಸೆಲ್ ಜೀಪಿನ ಹಾಗೆ ಕೆಳಗಿನಿಂದ ಎಳೆಯುವುದಿಲ್ಲ, ರೇಸ್ ಕೊಟ್ಟೇ ಹತ್ತಿಸಬೇಕು. ನಾಲ್ಕೂ ಕಡೆ ಪಟ್ಟಾ ಸ್ಪ್ರಿಂಗ್, ಹಿಂದೆ ಕೂತವರ ಸೊಂಟ ದೇವರಿಗೇ ಪ್ರೀತಿ. ಅಪ್ಪಯ್ಯನಿಗೆ ಮುಂದಿನ ಸೀಟು ಬಿಟ್ಟು ಬೇರೆ ಜಾಗ ಇಲ್ಲ.

ಆದರೆ ಭಾರ ನೋಡಿ. ಸಾಫ್ಟ್ ಟಾಪ್ ಜಿಪ್ಸಿ ಒಂದು ಟನ್ನಿಗಿಂತ ಕಡಿಮೆ. ನಮ್ಮ ಕೆಂಪು ಮಣ್ಣಿನ ಕೆಸರಿನಲ್ಲಿ ಎಂಜಿನ್ನಿನ ಬಲ ಎಷ್ಟೋ ಅಷ್ಟೇ ಮುಖ್ಯ ಇದು. ಭಾರದ ಗಾಡಿ ಹೂತ ಕಡೆ ಇದು ಮೇಲೆ ಮೇಲೆ ಹೋಗುತ್ತದೆ, ಸಿಕ್ಕಿಕೊಂಡರೂ ನಾಲ್ಕು ಜನ ನೂಕಿದರೆ ಬರುತ್ತದೆ. ಇನ್ನೊಂದು ಸಂಗತಿ ಮೇಸ್ತ್ರಿ ಹೇಳಿದ ಮೇಲೆ ನೆನಪಾಯಿತು. ಈ 1300ರ ಎಂಜಿನ್ ಎಸ್ಟೀಮ್ ಕಾರಿನ ಎಂಜಿನ್ ಕುಟುಂಬದ್ದೇ. ಎಸ್ಟೀಮ್ ನಿಂತು ಎಷ್ಟೋ ವರ್ಷ ಆದರೂ ಅದರ ಎಂಜಿನ್ ಬಿಚ್ಚಿ ಜೋಡಿಸಿದ ಕೈಗಳು ಹಾಸನ, ಚಿಕ್ಕಮಗಳೂರು ಎರಡೂ ಕಡೆ ಇವೆ. ಸೈನ್ಯ, ಪೊಲೀಸ್, ಅರಣ್ಯ ಇಲಾಖೆ ಎಲ್ಲರೂ ಜಿಪ್ಸಿ ಓಡಿಸಿದವರೇ, ಹಾಗಾಗಿ ಆಕ್ಸಲ್, ಹಬ್ಬಿನ ಸಾಮಾನಿಗೂ ಅಲೆಯಬೇಕಾಗಿಲ್ಲ. ಅಂದರೆ ಜೀಪಿನಷ್ಟು ಸಲ ಕೈ ಕೊಡುವುದಿಲ್ಲ, ಕೊಟ್ಟರೂ ವಾರಗಟ್ಟಲೆ ನಿಲ್ಲುವುದಿಲ್ಲ. ಕೀ ತಿರುಗಿಸಿದರೆ ಸ್ಟಾರ್ಟ್. ಇವಳು ಹಾಸನದ ಬೈಪಾಸಿನಲ್ಲಿ ಒಂದು ಸುತ್ತು ಹೊಡೆದು ಬಂದು, "ಸದ್ದು ಜಾಸ್ತಿ, ಓಡಿಸ್ಬಹುದು," ಅಂದಳು.

ಅಪ್ಪಯ್ಯ ಈಗಲೂ ಒಪ್ಪಿಲ್ಲ. "ಪೆಟ್ರೋಲ್ ಗಾಡಿ ತಗೊಂಡು ತೋಟದಲ್ಲಿ ಏನು ಮಾಡ್ತೀಯ?" ಅಂತ ಊಟಕ್ಕೆ ಕೂತಾಗಲೆಲ್ಲ ಕೇಳುತ್ತಾರೆ. ಅವರ ಮಾತಿನಲ್ಲಿ ಅರ್ಥ ಇಲ್ಲದೆ ಇಲ್ಲ. ಗೊಬ್ಬರದ ಮೂಟೆ ಹೊರಲು ಜಿಪ್ಸಿ ಆಗುವುದಿಲ್ಲ, ಅದಕ್ಕೆ ಪಿಕಪ್ಪೇ ಬೇಕು, ಕೆಸರಿನ ದಿನ ಗೊಬ್ಬರ ಟಾರ್ ರಸ್ತೆಯಲ್ಲೇ ಇಳಿಯಬೇಕು. ಜೀಪಿದ್ದರೆ ಹಿಂದೆ ಟ್ರೇಲರ್ ಕಟ್ಟಬಹುದಿತ್ತು. ಈ ಒಂದು ವಿಷಯದಲ್ಲಿ ಜೀಪು ಬಿಡುವುದಕ್ಕೆ ನನಗೂ ಹೊಟ್ಟೆ ಉರಿಯುತ್ತದೆ. ನಂಬರ್ ಸರಿ ಇದ್ದಿದ್ದರೆ ಬಹುಶಃ ಇನ್ನೂ ಒಂದು ವಾರ ಮನೆಯಲ್ಲಿ ಜಗಳ ನಡೆಯುತ್ತಿತ್ತು.

ಜಿಪ್ಸಿಗೇ ಹೋಗುವುದು ಅಂತ ತೀರ್ಮಾನ ಮಾಡಿದ್ದೇನೆ. ಆರ್‌ಸಿ ರಿನ್ಯೂವಲ್ ಆಗಿದೆ, 2029ರ ತನಕ ಇದೆ, ಎಂಜಿನ್ ನಂಬರ್, ಚಾಸಿ ನಂಬರ್ ಎರಡೂ ನಾನೇ ಟಾರ್ಚ್ ಹಿಡಿದು ಓದಿದೆ. ಡ್ರೈವರ್ ಕಾಲ ಕೆಳಗಿನ ಮ್ಯಾಟ್ ಎತ್ತಿದರೆ ತಗಡು ತುಕ್ಕು ಹಿಡಿದಿದೆ, ಸ್ಕ್ರೂಡ್ರೈವರಲ್ಲಿ ಚುಚ್ಚಿದರೆ ಒಂದು ಕಡೆ ಒಳಗೇ ಹೋಯಿತು. ಹದಿನಾರು ವರ್ಷ ಮಳೆ ಕಂಡ ಗಾಡಿ, ಅದು ಇದ್ದದ್ದೇ. ಹಿಂದಿನವರು ಕೈಯಲ್ಲಿ ತಿರುಗಿಸುವ ಹಬ್ ಹಾಕಿಸಿದ್ದಾರೆ, ಅಂದರೆ ಫೋರ್‌ವೀಲ್ ಹಾಕುವ ಮುಂಚೆ ಮಳೆಯಲ್ಲಿ ಇಳಿದು ಎರಡೂ ಚಕ್ರಕ್ಕೆ ಲಾಕ್ ಮಾಡಬೇಕು. ಟಾರ್ ಬಿಡುವ ಜಾಗದಲ್ಲಿ ಬಸ್ ಸ್ಟ್ಯಾಂಡಿನ ಸೂರಿದೆ, ಅಲ್ಲೇ ಮಾಡಿಕೊಂಡರಾಯಿತು. ತಗಡಿನ ಕೆಲಸ, ನಾಲ್ಕು ಟೈರು, ಬ್ರೇಕು, ಪಟ್ಟಾ ಬುಶ್ಶು ಅಂತ ಗಾಡಿ ಬೆಲೆಯ ಮೇಲೆ ಅರವತ್ತು ಸಾವಿರ ಬೇರೆ ಇಟ್ಟಿದ್ದೇನೆ. ಹಳೇ ಗಾಡಿಗೆ ಇರುವ ದುಡ್ಡನ್ನೆಲ್ಲ ಒಂದೇ ದಿನ ಕೊಟ್ಟು ಬರುವವರನ್ನು ಕಂಡರೆ ನನಗೆ ಭಯ.

ಬುಧವಾರ ಮೇಸ್ತ್ರಿ ಜೊತೆ ಮತ್ತೆ ಹಾಸನಕ್ಕೆ ಹೋಗುತ್ತೇವೆ. ಈ ಸಲ ಗಾಡಿಯನ್ನು ರ‍್ಯಾಂಪ್ ಹತ್ತಿಸಿ ಚಾಸಿ ಪೂರ್ತಿ ನೋಡಬೇಕು, ಮುಖ್ಯವಾಗಿ ಹಿಂದಿನ ಪಟ್ಟಾ ಸ್ಪ್ರಿಂಗ್ ಕೂರುವ ಜಾಗ. ಅಲ್ಲಿ ಹೊಸ ಪೇಂಟಿನ ಕೆಳಗೆ ವೆಲ್ಡಿಂಗ್ ಕಂಡರೆ ಅಡ್ವಾನ್ಸ್ ಕೊಡುವುದಿಲ್ಲ. ಚೆನ್ನಾಗಿದ್ದರೆ ಕೇಳಿದ ಬೆಲೆಯಲ್ಲಿ ಇಪ್ಪತ್ತೈದು ಸಾವಿರ ಇಳಿಸುವ ಯೋಚನೆ. ಮೇಸ್ತ್ರಿ ಹದಿನೈದಕ್ಕೆ ಮುಗಿಸಿ ಅನ್ನುತ್ತಿದ್ದಾರೆ, ಮಾರುವವರು ಅವರ ಪರಿಚಯದವರು, ಅದೂ ನನಗೆ ಗೊತ್ತಿದೆ.